ಕೋಡ್ ಬರಲಿಲ್ಲವೆಂದು ಮತ್ತೆ ಮತ್ತೆ ಒತ್ತುವ ಮುನ್ನ

ಪರೀಕ್ಷೆ ಶುರುವಾಗಲು 11 ನಿಮಿಷ ಬಾಕಿ ಇದ್ದಾಗ ಆ ಹುಡುಗಿಯ ಕರೆ ಬಂತು. ಮಾತಿಗಿಂತ ಏದುಸಿರೇ ಹೆಚ್ಚು ಕೇಳುತ್ತಿತ್ತು. "ಮೇಡಂ, ಏಳು ಸಲ ಲಾಗಿನ್ ಕೋಡ್ ತರಿಸಿಕೊಂಡೆ. ಯಾವುದು ಹಾಕಿದರೂ ತಪ್ಪು ಅಂತಿದೆ." ಏಳೂ ಬಂದಿವೆಯಾ ಎಂದು ಕೇಳಿದೆ. ಎಣಿಸಿ ನೋಡಿದಳು, ಬಂದದ್ದು ನಾಲ್ಕೇ. ನಾವು ಮಾತಾಡುತ್ತಿರುವಾಗಲೇ ಐದನೆಯದು ಬಂತು. "ಮೊಬೈಲನ್ನು ಮೇಜಿನ ಮೇಲಿಡು. ನಾನು ಹೇಳುವವರೆಗೆ ಏನನ್ನೂ ಒತ್ತಬೇಡ" ಎಂದೆ. ಇಬ್ಬರೂ ಸುಮ್ಮನೆ ಕಾದೆವು. ಉಳಿದೆರಡೂ ಬಂದು ಮುಗಿದ ಮೇಲೆ ಒಂದೇ ಒಂದು ಹೊಸ ಕೋಡ್ ತರಿಸಿದಳು. ಅದನ್ನು ಹಾಕಿದ ಕೂಡಲೇ ಪ್ರಶ್ನೆಪತ್ರಿಕೆಯ ಪುಟ ತೆರೆಯಿತು. ಅಷ್ಟು ಹೊತ್ತಿಗೆ ಇನ್ನೂ 6 ನಿಮಿಷ ಉಳಿದಿತ್ತು.

ಆನ್‌ಲೈನ್ ಪರೀಕ್ಷೆಗಳ ಸಹಾಯವಾಣಿಯಲ್ಲಿ ಕೂತು 9 ವರ್ಷವಾಯಿತು. ವರ್ಷವಿಡೀ ಓದಿದವರು ಆರು ಅಂಕಿಗಳ ಎದುರು ನಿಂತು ಅಳುವುದನ್ನು ಕೇಳಿದ್ದೇನೆ. ಅವರಲ್ಲಿ ಬಹುಪಾಲು ಜನರ ತೊಂದರೆ ಐದು ನಿಮಿಷದಲ್ಲಿ ಬಗೆಹರಿಯುವಂಥದ್ದು. ಗಾಬರಿಯಲ್ಲಿ ಒತ್ತಿದ ಗುಂಡಿಗಳೇ ಅದನ್ನು ಅರ್ಧ ಗಂಟೆಗೆ ಎಳೆದಿರುತ್ತವೆ. ಹಾಗಾಗಿ ನಾನು ಎಲ್ಲರಿಗೂ ಮೊದಲು ಹೇಳುವುದು ಇಷ್ಟೇ: ಕೋಡ್ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯುವ ತನಕ 'ಮತ್ತೆ ಕಳುಹಿಸಿ' ಗುಂಡಿಯನ್ನು ಮುಟ್ಟಬೇಡಿ.

ಏಳರಲ್ಲಿ ಆರು ಏಕೆ ಸತ್ತಿದ್ದವು

ಹೆಚ್ಚಿನ ಲಾಗಿನ್ ವ್ಯವಸ್ಥೆಗಳಲ್ಲಿ ನೀವು ಹೊಸ ಕೋಡ್ ಕೇಳಿದ ಕ್ಷಣವೇ ಹಳೆಯದು ರದ್ದಾಗುತ್ತದೆ. ಅದಿನ್ನೂ ದಾರಿಯಲ್ಲೇ ಇದ್ದರೂ, ನಿಮ್ಮ ಕೈಗೆ ಬಂದೇ ಇಲ್ಲದಿದ್ದರೂ ಅದು ಸತ್ತ ಕೋಡ್. ನೀವು ಮೂರನೆಯದನ್ನು ಕೇಳಿದ ಮೇಲೆ ಮೊದಲನೆಯದು ಬಂದು ತಲುಪುತ್ತದೆ. ಇದೇ ಹೊಸದು ಎಂದುಕೊಂಡು ಹಾಕುತ್ತೀರಿ. ತಪ್ಪು ಎನ್ನುತ್ತದೆ. ಮತ್ತೆ ಕೇಳುತ್ತೀರಿ, ಆಗ ಮೂರನೆಯದೂ ಸಾಯುತ್ತದೆ. ಹೀಗೆ ನೀವು ಸದಾ ಒಂದು ಹೆಜ್ಜೆ ಹಿಂದೆಯೇ ಉಳಿಯುತ್ತೀರಿ.

ಎಸ್‌ಎಂಎಸ್‌ಗಳು ಕಳುಹಿಸಿದ ಸಾಲಿನಲ್ಲೇ ಬರುತ್ತವೆ ಎಂಬ ಭರವಸೆಯೂ ಇಲ್ಲ. ಮೊದಲ ಎಸ್‌ಎಂಎಸ್ ಹೋದದ್ದು 1992ರ ಡಿಸೆಂಬರ್ 3ರಂದು, ಒಂದು ಕಂಪ್ಯೂಟರಿನಿಂದ ಮೊಬೈಲಿಗೆ. ಅಂದಿನಿಂದ ಇಂದಿನವರೆಗೂ ಅದರ ಮೂಲ ಕ್ರಮ ಒಂದೇ. ಸಂದೇಶ ಮೊದಲು ಮೊಬೈಲ್ ಕಂಪನಿಯ ಸಂದೇಶ ಕೇಂದ್ರಕ್ಕೆ ಹೋಗುತ್ತದೆ. ಆ ಕೇಂದ್ರ ನಿಮ್ಮ ಮೊಬೈಲನ್ನು ಹುಡುಕಿ ತಲುಪಿಸುತ್ತದೆ. ಮೊಬೈಲ್ ಸಿಗದಿದ್ದರೆ ಇಟ್ಟುಕೊಂಡು ಆಮೇಲೆ ಪ್ರಯತ್ನಿಸುತ್ತದೆ. ತಲುಪಿಸಲು ನೋಡುತ್ತೇನೆ ಎಂಬುದಷ್ಟೇ ಅದರ ಮಾತು, ಇಂಥ ನಿಮಿಷಕ್ಕೇ ತಲುಪಿಸುತ್ತೇನೆ ಎಂದು ಅದು ಒಪ್ಪಿಕೊಂಡಿಲ್ಲ. ಪರೀಕ್ಷೆಯ ಬೆಳಿಗ್ಗೆ ಸಾವಿರಾರು ಜನ ಒಂದೇ ಹೊತ್ತಿಗೆ ಕೋಡ್ ಕೇಳಿದಾಗ ತಡವಾಗುವುದು ಸಹಜ.

ಆದ್ದರಿಂದ ಒಂದು ಸಲ ಕೇಳಿ, ಗಡಿಯಾರ ನೋಡಿ, ಪೂರ್ತಿ ಎರಡು ನಿಮಿಷ ಕಾಯಿರಿ. ಆ ಎರಡು ನಿಮಿಷ ಬಹಳ ಉದ್ದ ಎನ್ನಿಸುತ್ತದೆ, ನನಗೆ ಗೊತ್ತು. ಈಗಾಗಲೇ ನಾಲ್ಕೈದು ಸಲ ಕೇಳಿಬಿಟ್ಟಿದ್ದರೆ ಅವೆಲ್ಲ ಬಂದು ಮುಗಿಯಲು ಬಿಡಿ, ಆಮೇಲೆ ಒಂದನ್ನು ಮಾತ್ರ ತರಿಸಿ. ಕೆಲವು ವ್ಯವಸ್ಥೆಗಳು ಪುಟದ ಮೇಲೂ ಸಂದೇಶದ ಒಳಗೂ ಒಂದೇ ಉಲ್ಲೇಖ ಸಂಖ್ಯೆಯನ್ನು ಅಥವಾ ಎರಡು ಮೂರು ಅಕ್ಷರಗಳನ್ನು ತೋರಿಸುತ್ತವೆ. ಇದ್ದರೆ ಅದನ್ನು ತಾಳೆ ನೋಡಿ. ಎಷ್ಟೋ ಮೊಬೈಲ್‌ಗಳಲ್ಲಿ ಸಂದೇಶವನ್ನು ಒತ್ತಿ ಹಿಡಿದು ವಿವರ ತೆರೆದರೆ ಅದನ್ನು ಕಳುಹಿಸಿದ ಸಮಯವೂ ಕಾಣುತ್ತದೆ. ಯಾವುದು ಹೊಸದು ಎಂಬುದಕ್ಕೆ ಬಂದ ಸಮಯಕ್ಕಿಂತ ಅದೇ ಗಟ್ಟಿ ಸಾಕ್ಷಿ.

ಯಾವ ಕೋಡ್ ಕೇಳುತ್ತಿದೆ?

'ಕೋಡ್ ಬರ್ತಾ ಇಲ್ಲ' ಎಂದು ಕರೆ ಮಾಡಿದವರಿಗೆ ನಾನು ಪರದೆಯ ಮೇಲಿರುವ ವಾಕ್ಯವನ್ನು ಒಂದಕ್ಷರವೂ ಬಿಡದೆ ಓದಿ ಹೇಳಿ ಎನ್ನುತ್ತೇನೆ. ಒಬ್ಬರು ಇಪ್ಪತ್ತು ನಿಮಿಷ ಎಸ್‌ಎಂಎಸ್‌ಗಾಗಿ ಕಾದಿದ್ದರು. ಪುಟ ಕೇಳುತ್ತಿದ್ದದ್ದು ಅಥೆಂಟಿಕೇಟರ್ ಆ್ಯಪ್‌ನಲ್ಲಿರುವ ಕೋಡನ್ನು. ಅದು ಎಲ್ಲಿಂದಲೂ ಬರುವುದಲ್ಲ, ಅವರ ಮೊಬೈಲಿನೊಳಗೇ ಹುಟ್ಟುವುದು. ಇನ್ನೊಬ್ಬರು ಪರೀಕ್ಷೆಯ ಪ್ರವೇಶ ಕೋಡ್ ಇರುವ ಜಾಗದಲ್ಲಿ ಓಟಿಪಿ ಹಾಕುತ್ತಿದ್ದರು. ಪ್ರವೇಶ ಕೋಡನ್ನು ಪರೀಕ್ಷೆ ನಡೆಸುವವರು ಎಲ್ಲರಿಗೂ ಮೊದಲೇ ಕೊಟ್ಟಿರುತ್ತಾರೆ, ಓಟಿಪಿ ನಿಮ್ಮೊಬ್ಬರಿಗೇ ಆಗಷ್ಟೇ ಬರುವಂಥದ್ದು.

ಇನ್ನೊಂದು ಸಂಗತಿ ಬಹಳ ಜನರ ಕಣ್ಣು ತಪ್ಪುತ್ತದೆ. ಲಾಗಿನ್ ಪುಟದಲ್ಲಿ ಕ್ಯಾಪ್ಚಾ, ಅಂದರೆ ನೀವು ಯಂತ್ರವಲ್ಲ ಮನುಷ್ಯರೇ ಎಂದು ನೋಡುವ ಚಿತ್ರದ ಪರೀಕ್ಷೆ, ಇದ್ದು ಅದನ್ನು ತಪ್ಪಾಗಿ ತುಂಬಿದ್ದರೆ ಓಟಿಪಿ ಹೊರಟೇ ಇರುವುದಿಲ್ಲ. ತಪ್ಪಾಗಿದೆ ಎಂಬ ಸೂಚನೆ ಪುಟದ ತುದಿಯಲ್ಲಿ ಸಣ್ಣ ಕೆಂಪಕ್ಷರದಲ್ಲಿ ಬಂದಿರುತ್ತದೆ, ನೀವು ಕೆಳಗಿನ ಖಾಲಿ ಚೌಕವನ್ನು ನೋಡುತ್ತಾ ಕಾಯುತ್ತಿರುತ್ತೀರಿ. ಕಾಯುವ ಮೊದಲು ಪುಟವನ್ನು ಮೇಲಕ್ಕೆ ಸರಿಸಿ, 'ಕೋಡ್ ಕಳುಹಿಸಲಾಗಿದೆ' ಎಂಬ ಮಾತು ನಿಜಕ್ಕೂ ಇದೆಯೇ ಎಂದು ನೋಡಿ.

ಎಸ್‌ಎಂಎಸ್ ಬರದಿದ್ದರೆ

ಕಳುಹಿಸಲಾಗಿದೆ ಎಂದು ಪುಟ ಹೇಳುತ್ತಿದ್ದರೆ ಅದರ ಪಕ್ಕದಲ್ಲೇ ಮೊಬೈಲ್ ಸಂಖ್ಯೆಯ ಕೊನೆಯ ಎರಡೋ ನಾಲ್ಕೋ ಅಂಕಿಗಳು ಇರುತ್ತವೆ. ಅವು ನಿಮ್ಮ ಈಗಿನ ಸಂಖ್ಯೆಯವೇ? ನೋಂದಣಿ ಮಾಡಿದ್ದು ತಿಂಗಳುಗಳ ಹಿಂದೆ. ಆಗ ಅಪ್ಪನ ಸಂಖ್ಯೆ ಕೊಟ್ಟಿರಬಹುದು, ಈಗ ಬಿಟ್ಟಿರುವ ಸಿಮ್‌ನ ಸಂಖ್ಯೆಯೂ ಇರಬಹುದು. ಸಂಖ್ಯೆಯೇ ಬೇರೆಯಾದರೆ ಮುಂದಿನ ಯಾವ ಉಪಾಯವೂ ಉಪಯೋಗಕ್ಕೆ ಬಾರದು. ನೇರವಾಗಿ ಸಹಾಯವಾಣಿಗೆ ಬನ್ನಿ.

ಸಂಖ್ಯೆ ಸರಿಯಿದ್ದರೆ ಸಿಗ್ನಲ್ ನೋಡಿ. ವೈಫೈ ಚೆನ್ನಾಗಿದೆ, ಪುಟ ತೆರೆಯುತ್ತಿದೆ, ಆದರೆ ಕೋಡ್ ಮಾತ್ರ ಬರುತ್ತಿಲ್ಲ ಎಂದು ಕರೆ ಮಾಡುವವರು ದಿನಕ್ಕೊಬ್ಬರಾದರೂ ಇರುತ್ತಾರೆ. ವೈಫೈ ಇದ್ದ ಮಾತ್ರಕ್ಕೆ ಎಸ್‌ಎಂಎಸ್ ಬರಬೇಕೆಂದಿಲ್ಲ, ಸಾಮಾನ್ಯವಾಗಿ ಅದಕ್ಕೆ ಮೊಬೈಲ್ ನೆಟ್‌ವರ್ಕ್ ಬೇಕು. ಪರೀಕ್ಷೆಗೆ ಸದ್ದಿಲ್ಲದ ಒಳಕೋಣೆ ಹುಡುಕಿಕೊಂಡವರಿಗೆ ಈ ತೊಂದರೆ ಹೆಚ್ಚು. ಮೊಬೈಲ್ ಹಿಡಿದು ಕಿಟಕಿಯ ಹತ್ತಿರ ಹೋಗಿ. ಏರ್‌ಪ್ಲೇನ್ ಮೋಡ್ ಹಾಕಿ, 15 ಸೆಕೆಂಡ್ ಬಿಟ್ಟು ತೆಗೆಯಿರಿ. ಇದು ಸುಮ್ಮನೆ ಹೇಳುವ ಮಾತಲ್ಲ. ಮೊಬೈಲ್ ನೆಟ್‌ವರ್ಕಿಗೆ ಹೊಸದಾಗಿ ಸೇರಿಕೊಂಡಾಗ 'ಈ ಚಂದಾದಾರರು ಈಗ ಸಿಗುತ್ತಾರೆ' ಎಂಬ ಸುದ್ದಿ ಒಳಗೆ ಮುಟ್ಟುತ್ತದೆ, ಸಂದೇಶ ಕೇಂದ್ರದಲ್ಲಿ ಕಾದು ಕೂತಿದ್ದ ಸಂದೇಶ ಆಗ ಹೊರಡುತ್ತದೆ.

ಆಗಲೂ ಬರದಿದ್ದರೆ ಸಂದೇಶದ ಆ್ಯಪ್ ಒಳಗೆ ಹುಡುಕಿ. ಆ್ಯಂಡ್ರಾಯ್ಡ್‌ನ ಸಂದೇಶ ಆ್ಯಪ್‌ನಲ್ಲಿ ಸ್ಪ್ಯಾಮ್ ಮತ್ತು ನಿರ್ಬಂಧಿಸಿದ ಸಂದೇಶಗಳಿಗೆ ಬೇರೆಯದೇ ಕಡತವಿದೆ. ಐಫೋನ್‌ನಲ್ಲಿ ಅಪರಿಚಿತರ ಸಂದೇಶಗಳನ್ನು ಬೇರ್ಪಡಿಸುವ ವ್ಯವಸ್ಥೆ ಚಾಲೂ ಇದ್ದರೆ ಅವು ಇನ್ನೊಂದು ಪಟ್ಟಿಗೆ ಸದ್ದಿಲ್ಲದೆ ಹೋಗಿ ಕೂರುತ್ತವೆ. ಮೊಬೈಲಿನ ಜಾಗ ಪೂರ್ತಿ ತುಂಬಿದ್ದರೂ ಹೊಸ ಸಂದೇಶ ಒಳಬರದೆ ನಿಲ್ಲಬಹುದು. ಒಬ್ಬ ಹುಡುಗನ ಮೊಬೈಲಿನಲ್ಲಿ ನಾಲ್ಕು ದೊಡ್ಡ ವಿಡಿಯೋ ಅಳಿಸಿದ ಮೇಲೆ ಎರಡು ದಿನದ ಸಂದೇಶಗಳೆಲ್ಲ ಒಟ್ಟಿಗೆ ಬಂದವು.

'ಕರೆ ಮಾಡಿ ಕೋಡ್ ಹೇಳಿ' ಎಂಬ ಆಯ್ಕೆ ಪುಟದಲ್ಲಿದ್ದರೆ ಎರಡನೇ ಪ್ರಯತ್ನಕ್ಕೆ ಅದನ್ನೇ ಬಳಸಿ. ಅಪರಿಚಿತ ಕರೆಗಳನ್ನು ಮೌನವಾಗಿಸುವ ಸೆಟ್ಟಿಂಗ್ ಇದ್ದರೆ ಮೊದಲು ತೆಗೆದುಹಾಕಿ, ಪೆನ್ನು ಹಿಡಿದು ಕೂರಿ.

ಇಮೇಲ್‌ಗೆ ಬರಬೇಕಾದದ್ದು

ಸ್ಪ್ಯಾಮ್ ಕಡತ ನೋಡಿ ಎಂದು ಎಲ್ಲರೂ ಹೇಳುತ್ತಾರೆ, ನೋಡಿ. ಅದಕ್ಕಿಂತ ಚೆನ್ನಾದದ್ದು ಪರೀಕ್ಷೆ ನಡೆಸುವವರ ಹೆಸರನ್ನು ಹುಡುಕು ಪೆಟ್ಟಿಗೆಯಲ್ಲಿ ಹಾಕಿ ಎಲ್ಲ ಕಡತಗಳಲ್ಲೂ ಹುಡುಕುವುದು. ಪ್ರಚಾರದ ವಿಭಾಗದಲ್ಲಿ ಬಿದ್ದಿದ್ದರೂ ಸಿಗುತ್ತದೆ, ನೀವೇ ಎಂದೋ ಮಾಡಿಟ್ಟ ಯಾವುದೋ ಫಿಲ್ಟರ್ ಎತ್ತಿಹಾಕಿದ್ದರೂ ಸಿಗುತ್ತದೆ. ಮೊಬೈಲಿನಲ್ಲಿ ಎರಡು ಮೂರು ಇಮೇಲ್ ಖಾತೆ ಇದ್ದವರು ಯಾವ ಖಾತೆ ತೆರೆದಿದೆ ಎಂದು ಒಮ್ಮೆ ನೋಡಿಕೊಳ್ಳಿ.

ಇಮೇಲ್ ತಡವಾಗಲು ಒಂದು ವಿಶೇಷ ಕಾರಣವಿದೆ, ಅದು ಕಾಲೇಜು ಮತ್ತು ಕಚೇರಿಯ ವಿಳಾಸಗಳಿಗೆ ಹೆಚ್ಚು ತಾಗುತ್ತದೆ. ಕೆಲವು ಮೇಲ್ ಸರ್ವರ್‌ಗಳು ಹಿಂದೆಂದೂ ಕಾಣದ ಕಡೆಯಿಂದ ಪತ್ರ ಬಂದರೆ 'ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಾ' ಎಂದು ವಾಪಸು ಕಳುಹಿಸುತ್ತವೆ. ಕಸದ ಮೇಲ್ ಕಳುಹಿಸುವವರು ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ, ನಿಜವಾದ ಸರ್ವರ್ ಬರುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ಗ್ರೇಲಿಸ್ಟಿಂಗ್ ಎನ್ನುವ ಈ ಉಪಾಯ 2003ರಿಂದ ಬಳಕೆಯಲ್ಲಿದೆ. ಕಸ ತಡೆಯಲು ಒಳ್ಳೆಯದೇ. ಆದರೆ ಹತ್ತು ನಿಮಿಷದಲ್ಲಿ ಸಾಯುವ ಕೋಡ್ ಹದಿನೈದು ನಿಮಿಷ ಬಾಗಿಲಲ್ಲಿ ನಿಂತರೆ ಏನು ಬಂತು? ಒಮ್ಮೆ ಪರಿಚಯವಾದ ಸರ್ವರಿನ ಪತ್ರಗಳು ಮುಂದಿನ ಸಲ ತಡೆಯಿಲ್ಲದೆ ಬರುತ್ತವೆ. ಪರೀಕ್ಷೆಯ ಹಿಂದಿನ ದಿನ ಒಮ್ಮೆ ಲಾಗಿನ್ ಮಾಡಿ ನೋಡಿ ಎಂದು ನಾವು ಹಟ ಹಿಡಿದು ಹೇಳುವುದಕ್ಕೆ ಇದೂ ಒಂದು ಕಾರಣ.

ಐದು ನಿಮಿಷ ಮುಂದೆ ಓಡುತ್ತಿದ್ದ ಗಡಿಯಾರ

ಅಥೆಂಟಿಕೇಟರ್ ಆ್ಯಪ್‌ನ ಕೋಡ್ ಪ್ರತಿ ಸಲವೂ ತಪ್ಪು ಎನ್ನುತ್ತಿದೆ ಎಂದು ಒಬ್ಬರು ಬಂದರು. ವಯಸ್ಸು ಐವತ್ತರ ಮೇಲೆ, ಬಡ್ತಿಗಾಗಿ ಪರೀಕ್ಷೆ ಬರೆಯುತ್ತಿದ್ದವರು, ಎಲ್ಲದರಲ್ಲೂ ಅಚ್ಚುಕಟ್ಟು. ಆ್ಯಪ್ ತೆಗೆದು ಮತ್ತೆ ಹಾಕಬೇಕೆಂದಿದ್ದರು. ಮುಟ್ಟಬೇಡಿ ಎಂದೆ. ನಿಮ್ಮ ಮೊಬೈಲಿನಲ್ಲಿ ಈಗ ಎಷ್ಟು ಗಂಟೆ ಎಂದು ಕೇಳಿದೆ. ನನ್ನ ಗಡಿಯಾರಕ್ಕಿಂತ ಐದು ನಿಮಿಷ ಮುಂದಿತ್ತು. ಎಲ್ಲಿಗೂ ತಡವಾಗಬಾರದೆಂದು ಅವರೇ ಎಷ್ಟೋ ವರ್ಷದಿಂದ ಹಾಗಿಟ್ಟುಕೊಂಡಿದ್ದರು.

ಈ ಆ್ಯಪ್ ಕೆಲಸ ಮಾಡುವ ರೀತಿ ಗೊತ್ತಾದರೆ ತೊಂದರೆ ತಾನೇ ಬಿಡಿಸಿಕೊಳ್ಳುತ್ತದೆ. ಮೊದಲ ದಿನ ನೀವು ಕ್ಯೂಆರ್ ಚಿತ್ರ ಸ್ಕ್ಯಾನ್ ಮಾಡಿದಾಗ ಒಂದು ಗುಟ್ಟಿನ ಕೀಲಿ ನಿಮ್ಮ ಮೊಬೈಲಿಗೆ ಬರುತ್ತದೆ. ಅದೇ ಕೀಲಿ ಸರ್ವರಿನಲ್ಲೂ ಇರುತ್ತದೆ. ಆಮೇಲೆ ಇಬ್ಬರೂ ಮಾತಾಡುವುದಿಲ್ಲ. 1970ರ ಜನವರಿ 1ರಿಂದ ಈವರೆಗೆ ಕಳೆದ ಸೆಕೆಂಡುಗಳನ್ನು ಸಾಮಾನ್ಯವಾಗಿ 30ರ ಕಂತುಗಳಾಗಿ ಎಣಿಸಿ, ಆ ಎಣಿಕೆಯನ್ನು ಕೀಲಿಯೊಂದಿಗೆ ಸೇರಿಸಿ, ಇಬ್ಬರೂ ತಮ್ಮ ತಮ್ಮ ಕಡೆ ಅದೇ ಆರು ಅಂಕಿಗಳನ್ನು ಹುಟ್ಟಿಸುತ್ತಾರೆ. ಟಿಒಟಿಪಿ ಎಂಬ ಈ ಕ್ರಮವನ್ನು 2011ರಲ್ಲಿ ಆರ್‌ಎಫ್‌ಸಿ 6238 ಎಂಬ ದಾಖಲೆಯಾಗಿ ಪ್ರಕಟಿಸಿದರು. ಇದಕ್ಕೆ ಇಂಟರ್ನೆಟ್ ಬೇಡ, ಸಿಗ್ನಲ್ ಬೇಡ, ಸಿಮ್ ಸಹ ಬೇಡ. ಬೇಕಾದದ್ದು ಸರಿಯಾದ ಗಡಿಯಾರ ಮಾತ್ರ. ಐದು ನಿಮಿಷ ಮುಂದಿದ್ದರೆ ಹತ್ತು ಕಂತು ಮುಂದಿನ ಕೋಡ್ ಬರುತ್ತದೆ. ಒಂದು ಕಂತಿನ ವ್ಯತ್ಯಾಸವನ್ನು ಸರ್ವರ್ ಮನ್ನಿಸಬಹುದು, ಹತ್ತನ್ನು ಮನ್ನಿಸುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯವನ್ನು 'ಸ್ವಯಂಚಾಲಿತ' ಎಂದು ಮಾಡಿದರು. ಮುಂದಿನ ಕೋಡೇ ಒಪ್ಪಿಗೆಯಾಯಿತು. ಆ್ಯಪ್‌ನಲ್ಲಿ ಕಾಣುವ ಕೋಡಿನ ಅವಧಿ ಮುಗಿಯಲು ನಾಲ್ಕೈದು ಸೆಕೆಂಡ್ ಮಾತ್ರ ಉಳಿದಿದ್ದರೆ ಟೈಪ್ ಮಾಡಲು ಹೊರಡಬೇಡಿ, ಹೊಸದು ಬರಲು ಬಿಡಿ.

ಆ್ಯಪ್ ಅಳಿಸಬೇಡಿ ಎಂದು ನಾನು ಅಷ್ಟು ಒತ್ತಿ ಹೇಳಿದ್ದು ಆ ಕೀಲಿಗಾಗಿ. ಕೀಲಿಯ ಪ್ರತಿ ಬೇರೆಲ್ಲೂ ಇಲ್ಲದಿದ್ದರೆ ಆ್ಯಪ್ ಜೊತೆಗೆ ಅದೂ ಹೋಗುತ್ತದೆ, ಮತ್ತೆ ಹಾಕಿದ ಆ್ಯಪ್ ಖಾಲಿ ಪೆಟ್ಟಿಗೆ. ಹೊಸ ಮೊಬೈಲ್ ಕೊಂಡವರಿಗೂ ಇದೇ ಮಾತು: ಹಳೆಯದನ್ನು ಒರೆಸಿ ಬೇರೆಯವರಿಗೆ ಕೊಡುವ ಮುನ್ನ ಕೀಲಿಗಳನ್ನು ಹೊಸದಕ್ಕೆ ಸಾಗಿಸಿ. ನೋಂದಣಿಯ ದಿನ ಕೊಟ್ಟಿದ್ದ ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದಿಟ್ಟಿದ್ದರೆ ಇಂಥ ದಿನ ಅವೇ ಕೈಹಿಡಿಯುತ್ತವೆ.

ಕೋಡ್ ಸರಿಯಿದೆ, ಆದರೂ ತಪ್ಪು ಎನ್ನುತ್ತದೆ

ಕನ್ನಡ ಕೀಬೋರ್ಡ್ ಬಳಸುವವರು ಇದನ್ನು ಗಮನಿಸಿ. ಕೆಲವು ಕನ್ನಡ ಕೀಬೋರ್ಡುಗಳಲ್ಲಿ ಅಂಕಿಗಳು ೧, ೨, ೩ ಎಂದು ಬೀಳುತ್ತವೆ. ಕಣ್ಣಿಗೆ ಅವು ಸರಿಯಾದ ಅಂಕಿಗಳೇ, ಅನೇಕ ಲಾಗಿನ್ ಪುಟಗಳಿಗೆ ಮಾತ್ರ ಅವು ಅಂಕಿಗಳೇ ಅಲ್ಲ. ಪುಟ ಕಟ್ಟಿದವರು ಇದನ್ನು ಯೋಚಿಸಿ ಸರಿಪಡಿಸಬೇಕಿತ್ತು, ಅವರ ಮೇಲೆ ನನಗೆ ಈ ವಿಷಯದಲ್ಲಿ ನಿಜವಾಗಿ ಬೇಸರವಿದೆ. ಆದರೆ ಪರೀಕ್ಷೆಯ ಹೊತ್ತಿನಲ್ಲಿ ಕೀಬೋರ್ಡನ್ನು ಇಂಗ್ಲಿಷಿಗೆ ಬದಲಿಸಿಕೊಳ್ಳುವುದೇ ಉಪಾಯ.

ಸಂದೇಶದಿಂದ ನಕಲು ಮಾಡಿ ಅಂಟಿಸಿದಾಗ ಹಿಂದೆ ಅಥವಾ ಮುಂದೆ ಒಂದು ಖಾಲಿ ಜಾಗವೂ ಅಂಟಿಕೊಂಡು ಬರಬಹುದು. ಆರು ಬೇರೆ ಬೇರೆ ಚೌಕಗಳಿರುವ ಕಡೆ ಮೊದಲ ಚೌಕದಲ್ಲಿ ಕರ್ಸರ್ ಇಡದೆ ಅಂಟಿಸಿದರೆ ಅಂಕಿಗಳು ಚೆಲ್ಲಾಪಿಲ್ಲಿಯಾಗುತ್ತವೆ. ಕೀಬೋರ್ಡ್ ತಾನಾಗಿ ಸೂಚಿಸುವ ಕೋಡ್ ಹಿಂದಿನ ಸಂದೇಶದ್ದೂ ಆಗಿರಬಹುದು. ನಾನು ಹೇಳುವುದು ಹಳೆಯ ಕ್ರಮ: ಕಾಗದದ ಮೇಲೆ ಬರೆದುಕೊಳ್ಳಿ, ಒಂದೊಂದೇ ಅಂಕಿ ಒತ್ತಿ. ಅಕ್ಷರವೂ ಸೇರಿರುವ ಕೋಡಾದರೆ ಸೊನ್ನೆಗೂ ಇಂಗ್ಲಿಷಿನ ಓ ಅಕ್ಷರಕ್ಕೂ, ಒಂದಕ್ಕೂ ಸಣ್ಣ ಎಲ್ ಅಕ್ಷರಕ್ಕೂ ವ್ಯತ್ಯಾಸ ನೋಡಿ.

ಮೊಬೈಲಿನಲ್ಲೇ ಪರೀಕ್ಷೆಗೆ ಲಾಗಿನ್ ಆಗುವವರಿಗೆ ಇನ್ನೊಂದು ತೊಡಕಿದೆ. ಸಂದೇಶ ಓದಲು ಬ್ರೌಸರ್ ಬಿಟ್ಟು ಹೋಗುತ್ತೀರಿ, ಮರಳಿದಾಗ ಪುಟ ಮೊದಲಿನಿಂದ ತೆರೆದುಕೊಳ್ಳುತ್ತದೆ. ಮೆಮೊರಿ ಸಾಲದ ಮೊಬೈಲ್ ಹಿಂದಿನ ಪುಟವನ್ನು ಬಿಟ್ಟುಕೊಟ್ಟಿರುತ್ತದೆ. ಕೋಡ್ ಕೇಳಿದ ಪುಟ ಹೋಯಿತು, ಕೈಯಲ್ಲಿರುವ ಕೋಡ್ ಹೊಸ ಪುಟಕ್ಕೆ ಹೊಂದುವುದಿಲ್ಲ. ಬೇರೆ ಆ್ಯಪ್‌ಗಳನ್ನೆಲ್ಲ ಮೊದಲೇ ಮುಚ್ಚಿ. ಸಂದೇಶ ಬಂದಾಗ ಪರದೆಯ ಮೇಲಿನಿಂದ ಇಳಿಯುವ ಸೂಚನೆಯಲ್ಲೇ ಅಂಕಿಗಳನ್ನು ಓದಿಕೊಳ್ಳಿ, ಬ್ರೌಸರ್ ಬಿಡಬೇಡಿ.

ಒಂದೇ ಪುಟವನ್ನು ಎರಡು ಟ್ಯಾಬ್‌ಗಳಲ್ಲಿ ತೆರೆದು ಎರಡರಲ್ಲೂ ಕೋಡ್ ಕೇಳಿದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತೆ. ಒಂದನ್ನು ಮುಚ್ಚಿ. ಹಿಂದಕ್ಕೆ ಹೋಗುವ ಗುಂಡಿಯನ್ನೂ ಬಳಸಬೇಡಿ. ಎಲ್ಲ ಗೋಜಲಾಗಿದ್ದರೆ ಬ್ರೌಸರನ್ನೇ ಮುಚ್ಚಿ, ಖಾಸಗಿ ಕಿಟಕಿಯಲ್ಲಿ ಹೊಸದಾಗಿ ಶುರು ಮಾಡಿ. ಹಳೆಯ ಕುಕೀಗಳ, ಅಂದರೆ ಪುಟಗಳು ಬ್ರೌಸರಿನಲ್ಲಿ ಉಳಿಸಿಟ್ಟ ಗುರುತುಗಳ, ಕಾಟ ಅಲ್ಲಿರುವುದಿಲ್ಲ.

ಕ್ಯಾಪ್ಚಾ ಚಿತ್ರ ಕಾಣದಿದ್ದರೆ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಮತ್ತು ವಿಪಿಎನ್ (ನಿಮ್ಮ ಇಂಟರ್ನೆಟ್ಟನ್ನು ಬೇರೊಂದು ಸರ್ವರಿನ ಮೂಲಕ ಸಾಗಿಸುವ ವ್ಯವಸ್ಥೆ) ಎರಡನ್ನೂ ನಿಲ್ಲಿಸಿ. ವಿಪಿಎನ್‌ನಲ್ಲಿ ಒಂದೇ ವಿಳಾಸದಿಂದ ನೂರಾರು ಜನ ಬರುವುದರಿಂದ ಪರೀಕ್ಷಿಸುವ ಯಂತ್ರಕ್ಕೆ ಅನುಮಾನ ಹೆಚ್ಚಿ ಚಿತ್ರದ ಮೇಲೆ ಚಿತ್ರ ಕೊಡುತ್ತದೆ. ಅಕ್ಷರ ಓದಲಾಗದಿದ್ದರೆ ಊಹಿಸಬೇಡಿ, ಪಕ್ಕದ ಸುತ್ತುಬಾಣ ಒತ್ತಿ ಹೊಸ ಚಿತ್ರ ತರಿಸಿ. ದೃಷ್ಟಿಯ ತೊಂದರೆ ಇದ್ದವರಿಗೆ ಕಿವಿಯ ಅಥವಾ ಹೆಡ್‌ಫೋನಿನ ಗುರುತಿನ ಗುಂಡಿ ಇರುತ್ತದೆ, ಅದು ಅಂಕಿಗಳನ್ನೋ ಪದಗಳನ್ನೋ ಓದಿ ಹೇಳುತ್ತದೆ.

ಬೀಗ ಹಾಕಿದ ಬ್ರೌಸರ್

ಇದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನೂ ಒಂದು ಪ್ರಮಾಣಪತ್ರದ ಪರೀಕ್ಷೆಗೆ ಕೂತೆ. ಪರೀಕ್ಷೆ ಮುಗಿಯುವವರೆಗೆ ಬೇರೆ ಯಾವ ಕಿಟಕಿಯನ್ನೂ ತೆರೆಯಲು ಬಿಡದ ಸುರಕ್ಷಿತ ಬ್ರೌಸರ್ ಅದು. ಅದರೊಳಗೆ ಹೋದ ಮೇಲೆ ಲಾಗಿನ್ ಪುಟ ಬಂತು, ಕೋಡನ್ನು ಇಮೇಲಿಗೆ ಕಳುಹಿಸಿದ್ದೇವೆ ಎಂದಿತು. ಇಮೇಲ್ ತೆರೆಯಲು ಆ ಕಂಪ್ಯೂಟರಿನಲ್ಲಿ ದಾರಿಯಿಲ್ಲ. ನಿಯಮದಂತೆ ಮೊಬೈಲನ್ನು ಪಕ್ಕದ ಕೋಣೆಯಲ್ಲಿಟ್ಟು ಬಂದಿದ್ದೆ. ಕ್ಯಾಮೆರಾ ನೋಡುತ್ತಿತ್ತು, ಎದ್ದು ಹೋಗಲು ಹೆದರಿ ಹದಿನೆಂಟು ನಿಮಿಷ ಕಳೆದುಕೊಂಡೆ. ಆ ಹದಿನೆಂಟು ನಿಮಿಷ ನೆನಪಾದರೆ ಈಗಲೂ ಎದೆ ಬಿಗಿಯುತ್ತದೆ.

ನಿಮಗೆ ಹಾಗಾಗಬಾರದು. ಕೋಡ್ ಬೇಕಾಗುವುದು ಬ್ರೌಸರ್ ಬೀಗ ಹಾಕುವ ಮೊದಲೋ ಆಮೇಲೋ ಎಂದು ಅಭ್ಯಾಸ ಪರೀಕ್ಷೆಯಲ್ಲೇ ನೋಡಿಕೊಳ್ಳಿ. ಆಮೇಲೆ ಎಂದಾದರೆ ಲಾಗಿನ್ ಆಗುವ ತನಕ ಮೊಬೈಲ್ ಕೈಯಲ್ಲಿರಬಹುದೇ ಎಂದು ಪರೀಕ್ಷೆ ನಡೆಸುವವರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಪರೀಕ್ಷೆ ನಡೆಯುತ್ತಿರುವಾಗಲೇ ಹೀಗಾದರೆ ಎದ್ದು ಹೋಗಬೇಡಿ. ಮೇಲ್ವಿಚಾರಕರಿಗೆ ಮೊದಲು ಬರೆದು ತಿಳಿಸಿ, ಬರೆಯುವ ಜಾಗವಿಲ್ಲದಿದ್ದರೆ ಕ್ಯಾಮೆರಾದ ಎದುರೇ ಗಟ್ಟಿಯಾಗಿ ಹೇಳಿ.

ಖಾತೆಗೆ ಬೀಗ ಬಿದ್ದರೆ

ಆರು ಅಂಕಿಯ ಕೋಡ್ ಎಂದರೆ ಒಟ್ಟು 10 ಲಕ್ಷ ಸಾಧ್ಯತೆಗಳು. ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದಾದರೆ ಒಂದು ಪ್ರೋಗ್ರಾಂ ಅದನ್ನು ಊಹಿಸಿಯೇ ಬಿಡುತ್ತದೆ. ಅದಕ್ಕೇ ಕೆಲವು ತಪ್ಪುಗಳ ನಂತರ ಖಾತೆಗೆ ಬೀಗ ಬೀಳುತ್ತದೆ. ಮೂರನೇ ತಪ್ಪಿಗೇ ಕೈ ಹಿಂದೆ ತೆಗೆಯಿರಿ. 15 ನಿಮಿಷ ಕಾಯಿರಿ ಎಂದಿದ್ದರೆ ಪೂರ್ತಿ 15 ನಿಮಿಷ ಕಾಯಿರಿ. ನಡುವೆ ಪ್ರಯತ್ನಿಸಿದರೆ ಕೆಲವೆಡೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಆ ಹೊತ್ತನ್ನು ಸಹಾಯವಾಣಿಗೆ ಕೊಡಿ. ನಮಗೆ ಬೇಕಾದದ್ದು ನಿಮ್ಮ ಅಭ್ಯರ್ಥಿ ಸಂಖ್ಯೆ, ಕೊನೆಯ ಸಲ ಕೋಡ್ ಕೇಳಿದ ಸಮಯ, ಪರದೆಯ ಮೇಲಿನ ಸೂಚನೆ ಇದ್ದ ಹಾಗೆಯೇ. ಕೋಡ್ ನಮಗೆ ಬೇಡ. ಈ 9 ವರ್ಷದಲ್ಲಿ ನಾನು ಒಬ್ಬರ ಕೋಡನ್ನೂ ಕೇಳಿಲ್ಲ, ಕೇಳುವ ಅಗತ್ಯವೂ ಬಂದಿಲ್ಲ. 'ನಾವು ಪರೀಕ್ಷೆಯ ಕಡೆಯವರು, ಕೋಡ್ ಓದಿ ಹೇಳಿ, ನಾವೇ ಸರಿಮಾಡುತ್ತೇವೆ' ಎಂದು ಯಾರಾದರೂ ತಾವಾಗಿ ಕರೆ ಮಾಡಿದರೆ ಕರೆಯನ್ನು ಅಲ್ಲೇ ತುಂಡರಿಸಿ.

ಇಷ್ಟಾದರೂ ಪರೀಕ್ಷೆಯ ಸಮಯ ಮೀರಿಹೋದರೆ ಸುಮ್ಮನಾಗಬೇಡಿ, ನಿಮ್ಮದೇ ತಪ್ಪೆಂದು ಒಪ್ಪಿಕೊಳ್ಳಲೂ ಬೇಡಿ. ಕೋಡ್ ಯಾವಾಗ ಹೊರಟಿತು, ನೀವು ಎಷ್ಟು ಸಲ ಪ್ರಯತ್ನಿಸಿದಿರಿ ಎಂಬುದು ಸಾಮಾನ್ಯವಾಗಿ ಸರ್ವರಿನ ದಾಖಲೆಯಲ್ಲಿ ಇರುತ್ತದೆ. ಪರದೆಯ ಚಿತ್ರ ತೆಗೆಯಿರಿ, ಸಂದೇಶ ಬಂದ ಸಮಯ ಕಾಣುವ ಚಿತ್ರವನ್ನೂ ತೆಗೆಯಿರಿ, ಅದೇ ದಿನ ಇಮೇಲ್ ಕಳುಹಿಸಿ ಮರುಅವಕಾಶ ಕೇಳಿ. ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಇದಾಯಿತು ಎಂದು ಸಾಲಾಗಿ ಬರೆಯಿರಿ. ಸಮಯದ ಪಕ್ಕದಲ್ಲಿ ನಿಮ್ಮ ಸಮಯವಲಯವನ್ನೂ ಸೇರಿಸಿ, ಏಕೆಂದರೆ ಸರ್ವರ್ ಬೇರೆ ದೇಶದ ಗಡಿಯಾರ ಇಟ್ಟುಕೊಂಡಿದ್ದರೆ ನಿಮ್ಮ ಪ್ರಯತ್ನಗಳನ್ನು ನಾವು ದಾಖಲೆಯಲ್ಲಿ ಹುಡುಕುವುದು ಅದನ್ನು ಹಿಡಿದೇ.